ಟೆಲಿಗ್ರಾಫ್ ಅವೆನ್ಯೂದ ಪುಸ್ತಕದಂಗಡಿಗಳು: ರಿಸ್ಕ್ ಯಾರದ್ದು, ತೀರ್ಮಾನ ಯಾರದ್ದು

1989ರ ಫೆಬ್ರವರಿ 28, ಇನ್ನೂ ಬೆಳಕು ಹರಿದಿರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೋಡೀಸ್ ಬುಕ್ಸ್ ಅನ್ನೋ ಪುಸ್ತಕದಂಗಡಿಯ ಕಿಟಕಿ ಒಡೆದು ಯಾರೋ ಒಳಗೆ ಬೆಂಕಿ ಬಾಂಬ್ ಎಸೆದ್ರು. ಬೆಂಕಿ ದೊಡ್ಡದಾಗಿ ಹಬ್ಬಲಿಲ್ಲ, ಫೈರ್ ಇಂಜಿನ್‌ನವರು ಬಂದು ಆರಿಸಿದ್ರು. ಬೆಳಿಗ್ಗೆ ಕೆಲಸದವರು ಬಂದು ಒಡೆದ ಗಾಜು, ನೆನೆದ ಪುಸ್ತಕ ಎಲ್ಲಾ ಗುಡಿಸಿ ಎತ್ತಿಡ್ತಾ ಇರ್ಬೇಕಾದ್ರೆ ಕವಿತೆ ಪುಸ್ತಕಗಳ ವಿಭಾಗದ ಹತ್ರ ನೆಲದ ಮೇಲೆ ಇನ್ನೊಂದು ಸಿಕ್ತು, ಪೈಪ್ ಬಾಂಬ್, ಸಿಡಿಯದೆ ಹಾಗೇ ಬಿದ್ದಿತ್ತು. ಅಷ್ಟೊತ್ತೂ ಎಲ್ರೂ ಅದರ ಆಸುಪಾಸಲ್ಲೇ ಓಡಾಡ್ತಾ ಕ್ಲೀನ್ ಮಾಡ್ತಿದ್ರು. ಪೊಲೀಸ್ರು ಎಲ್ಲರನ್ನೂ ಹೊರಗೆ ಕಳಿಸಿದ್ರು, ಬಾಂಬ್ ಸ್ಕ್ವಾಡ್ ಬಂತು, ಅದನ್ನ ಎತ್ಕೊಂಡು ಹೋಗೋದೇ ಅಪಾಯ ಅಂತ ಅಂಗಡಿ ಒಳಗೇ ಸಿಡಿಸಿದ್ರು. ಮೇಲೆ ಚಾವಣಿಯಲ್ಲಿ ಒಂದು ತೂತು ಉಳೀತು.

ಕಾರಣ ಎಲ್ರಿಗೂ ಗೊತ್ತಿತ್ತು. ಸಲ್ಮಾನ್ ರಶ್ದಿಯ ‘ದಿ ಸಟಾನಿಕ್ ವರ್ಸಸ್’ ಕಾದಂಬರಿ ಆ ಅಂಗಡೀಲಿ ಮಾರಾಟಕ್ಕಿತ್ತು. ರಶ್ದಿಯನ್ನ ಕೊಲ್ಲಬೇಕು ಅಂತ ಇರಾನಿನ ನಾಯಕ ಖೊಮೇನಿ ಫತ್ವಾ ಹೊರಡಿಸಿ ಆಗಷ್ಟೇ ಎರಡು ವಾರ ಆಗಿತ್ತು.

ಆಮೇಲೆ ಅಂಗಡಿ ಮಾಲೀಕ ಆಂಡಿ ರಾಸ್ ಕೆಲಸದವರನ್ನೆಲ್ಲ ಒಂದ್ಕಡೆ ಸೇರಿಸಿ ಮೀಟಿಂಗ್ ಮಾಡಿದ. ಈ ಪುಸ್ತಕ ಮಾರೋದು ಮುಂದುವರಿಸಬೇಕಾ ಬೇಡ್ವಾ? ವೋಟಿಗೆ ಹಾಕಿದ್ರು. ಒಬ್ರೂ ಬೇಡ ಅನ್ನಲಿಲ್ಲ. ಅದೇ ಅಂಗಡೀಲಿ ಅದೇ ಪುಸ್ತಕ ಮತ್ತೆ ಮಾರಾಟಕ್ಕೆ ಬಂತು.

ಈ ಪ್ರಕರಣ ಬರೀಬೇಕು ಅನ್ಸಿದ್ದೇ ಆ ಮೀಟಿಂಗ್‌ನಿಂದ. ವಾಕ್ ಸ್ವಾತಂತ್ರ್ಯ ಅಂದ್ರೆ ನಾವು ಲೇಖಕನ ಬಗ್ಗೆ ಮಾತಾಡ್ತೀವಿ, ಪ್ರಕಾಶಕನ ಬಗ್ಗೆ ಮಾತಾಡ್ತೀವಿ, ಕೋರ್ಟ್ ಬಗ್ಗೆ ಮಾತಾಡ್ತೀವಿ. ಪುಸ್ತಕ ಓದುಗನ ಕೈಗೆ ಸೇರೋ ಜಾಗ ಮಾತ್ರ ಕೌಂಟರ್, ಅಲ್ಲಿ ನಿಂತಿರೋರು ತಿಂಗಳ ಸಂಬಳದ ಜನ, ಬಾಂಬ್ ಬಿದ್ರೂ ಅವರ ತಲೆ ಮೇಲೆ, ಪೊಲೀಸ್ ಬಂದ್ರೂ ಮೊದ್ಲು ಹಿಡಿಯೋದು ಅವರನ್ನೇ. ಹಾಗಿದ್ರೆ ತೀರ್ಮಾನ ಯಾರು ಮಾಡ್ಬೇಕು? ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂ ಅನ್ನೋ ಒಂದೇ ರಸ್ತೆಯ ಅರವತ್ತಕ್ಕೂ ಹೆಚ್ಚು ವರ್ಷದ ಕಥೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದು ಬಂದಿದೆ, ಒಂದೊಂದು ಸಲ ಒಂದೊಂದು ಥರ ಉತ್ತರ ಸಿಕ್ಕಿದೆ.

ಮೊದ್ಲು ಊರಿನ ಬಗ್ಗೆ ಸ್ವಲ್ಪ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿರೋ ಬರ್ಕ್ಲಿ, ನಮ್ಮ ಧಾರವಾಡದ ಥರ ಯೂನಿವರ್ಸಿಟಿಯಿಂದಲೇ ಹೆಸರಾದ ಊರು. ಕ್ಯಾಂಪಸ್‌ನ ದಕ್ಷಿಣದ ಗೇಟಿಂದ ಹೊರಗೆ ಕಾಲಿಟ್ರೆ ನೇರವಾಗಿ ಹೋಗೋ ರಸ್ತೆಯೇ ಟೆಲಿಗ್ರಾಫ್. ಕಾಲೇಜ್ ಊರಿನ ವ್ಯಾಪಾರಕ್ಕೆ ಒಂದು ಗುಣ ಇದೆ, ಗಿರಾಕಿ ಹತ್ರ ದುಡ್ಡು ಕಮ್ಮಿ, ಟೈಮ್ ಜಾಸ್ತಿ, ಪ್ರತಿ ವರ್ಷ ಒಂದಷ್ಟು ಜನ ಊರು ಬಿಟ್ಟು ಹೋಗ್ತಾರೆ ಹೊಸಬರು ಬರ್ತಾರೆ, ಹೋಗೋರು ತಮ್ಮ ಪುಸ್ತಕ ಮಾರಿ ಹೋಗ್ತಾರೆ, ಬರೋರು ಅದನ್ನೇ ಕೊಳ್ತಾರೆ. ಹೊಸ ಪುಸ್ತಕದಂಗಡಿಗೂ ಹಳೇ ಪುಸ್ತಕದಂಗಡಿಗೂ ಇಂಥ ರಸ್ತೆಗಿಂತ ಒಳ್ಳೆ ಜಾಗ ಇಲ್ಲ.

ಫ್ರೆಡ್ ಕೋಡಿ, ಪ್ಯಾಟ್ ಕೋಡಿ ಅನ್ನೋ ಗಂಡ ಹೆಂಡತಿ 1956ರಲ್ಲಿ ಕ್ಯಾಂಪಸ್‌ನ ಉತ್ತರ ಭಾಗದಲ್ಲಿ ಒಂದು ಸಣ್ಣ ಅಂಗಡಿ ಹಾಕಿದ್ರು. ಆಗಿನ ಕಾಲಕ್ಕೆ ಮರ್ಯಾದಸ್ಥ ಪುಸ್ತಕದಂಗಡಿ ಅಂದ್ರೆ ಗಟ್ಟಿ ರಟ್ಟಿನ ಪುಸ್ತಕ, ಪೇಪರ್‌ಬ್ಯಾಕ್ ಅಂದ್ರೆ ಮೆಡಿಕಲ್ ಶಾಪ್, ಬಸ್ ಸ್ಟ್ಯಾಂಡ್‌ನಲ್ಲಿ ಸಿಗೋ ಅಗ್ಗದ ಮಾಲು. ಆದ್ರೆ ಅಷ್ಟೊತ್ತಿಗೆ ಒಳ್ಳೊಳ್ಳೆ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಎಲ್ಲಾ ಪೇಪರ್‌ಬ್ಯಾಕಲ್ಲಿ ಬರೋಕೆ ಶುರುವಾಗಿತ್ತು. ಕೋಡಿ ದಂಪತಿ ಅದನ್ನೇ ಹಿಡ್ಕೊಂಡ್ರು. ಸ್ಟೂಡೆಂಟ್ ಜೇಬಿಗೆ ಎಟುಕೋ ರೇಟಲ್ಲಿ ಗಂಭೀರ ಪುಸ್ತಕ, ಅಷ್ಟೇ ಬಂಡವಾಳ. 60ರ ದಶಕದಲ್ಲಿ ಟೆಲಿಗ್ರಾಫ್‌ಗೆ ಬಂದು, ಆಮೇಲೆ ಹೇಸ್ಟ್ ಸ್ಟ್ರೀಟ್ ಮೂಲೆಯಲ್ಲಿ ದೊಡ್ಡ ಅಂಗಡಿ ಮಾಡಿದ್ರು.

1959ರಲ್ಲಿ ಇದೇ ಊರಲ್ಲಿ ಮೋ ಮಾಸ್ಕೊವಿಟ್ಜ್ ಅನ್ನೋ ನ್ಯೂಯಾರ್ಕ್ ಮೂಲದ ಮನುಷ್ಯ, ಬಾಯಲ್ಲಿ ಯಾವಾಗ್ಲೂ ಸಿಗಾರ್, ಹೆಂಡತಿ ಜೊತೆ ಸೇರಿ ಹಳೇ ಪುಸ್ತಕದ ವ್ಯಾಪಾರ ಶುರು ಮಾಡಿದ. ಮೋಸ್ ಬುಕ್ಸ್ ವಿಶೇಷ ಏನಪ್ಪಾ ಅಂದ್ರೆ ನೀವು ಹಳೇ ಪುಸ್ತಕ ತಂದು ಕೊಟ್ರೆ ಕ್ಯಾಶ್ ಬೇಕಾದ್ರೆ ಕ್ಯಾಶ್, ಇಲ್ಲ ಅಂದ್ರೆ ಅದಕ್ಕಿಂತ ಜಾಸ್ತಿ ಬೆಲೆಯ ಅಂಗಡಿ ಚೀಟಿ, ಆ ಚೀಟಿ ಮೇಲೆ ಮೋ ಮುಖವೇ ಅಚ್ಚಾಗಿರ್ತಿತ್ತು, ಊರಲ್ಲಿ ಅದು ಒಂಥರಾ ನೋಟಿನ ಹಾಗೇ ಓಡಾಡ್ತಿತ್ತು.

ಭೂಗತ ಪ್ರಕಾಶನ, ಅಂದ್ರೆ ದೊಡ್ಡ ಕಂಪನಿಗಳ ದಾರಿ ಬಿಟ್ಟು ತಾವೇ ಅಚ್ಚು ಹಾಕಿ ಮಾರೋದು, ಈ ರಸ್ತೆಗೆ ಬಂದಿದ್ದೂ ಅಂಗಡಿ ಒಳಗಿಂದಲೇ. 1965ರಲ್ಲಿ ಡಾನ್ ಮತ್ತು ಆಲಿಸ್ ಶೆಂಕರ್ ಅನ್ನೋರು ಮೋ ಅಂಗಡಿ ಜಾಗದಲ್ಲೇ ಸ್ವಲ್ಪ ಹಂಚ್ಕೊಂಡು ‘ಪ್ರಿಂಟ್ ಮಿಂಟ್’ ಅಂತ ಪೋಸ್ಟರ್, ಫ್ರೇಮ್ ಮಾರೋ ಕೆಲಸ ಶುರು ಮಾಡಿದ್ರು. ಕೆಲವೇ ವರ್ಷದಲ್ಲಿ ಅದು ಭೂಗತ ಕಾಮಿಕ್ಸ್‌ನ ದೊಡ್ಡ ಪ್ರಕಾಶನ ಆಯ್ತು. ದೊಡ್ಡ ಕಾಮಿಕ್ಸ್ ಕಂಪನಿಗಳು ತಮಗೆ ತಾವೇ ಹಾಕ್ಕೊಂಡಿದ್ದ ಸೆನ್ಸಾರ್ ನಿಯಮ ಇವ್ರಿಗೆ ಲೆಕ್ಕಕ್ಕಿರಲಿಲ್ಲ, ಯಾಕಂದ್ರೆ ಮಾಮೂಲಿ ಪೇಪರ್ ಅಂಗಡಿಗಳ ಹಂಚಿಕೆಯ ದಾರಿಯೇ ಇವ್ರದ್ದಲ್ಲ. ಪುಸ್ತಕದಂಗಡಿ, ಪೋಸ್ಟರ್ ಅಂಗಡಿ, ರಸ್ತೆ ಬದಿ, ಇಷ್ಟೇ ಇವ್ರ ಮಾರ್ಕೆಟ್.

ಹಾಗಾಗಿ ಪೊಲೀಸರೂ ನೇರ ಅಂಗಡಿಗೇ ಬಂದ್ರು. 1968ರಲ್ಲಿ ಮೋನನ್ನ ಅಶ್ಲೀಲ ಸಾಹಿತ್ಯ ಮಾರಿದ ಅಂತ ಅರೆಸ್ಟ್ ಮಾಡಿದ್ರು, ಭೂಗತ ಕಾಮಿಕ್ಸ್ ಮಾರಿದ್ದೇ ತಪ್ಪು. ಕೊಲ್ಲಿಯ ಈಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದು ಮೊದ್ಲೇ ನಡೆದಿತ್ತು. 1957ರಲ್ಲಿ ಸಿಟಿ ಲೈಟ್ಸ್ ಪುಸ್ತಕದಂಗಡಿಯಲ್ಲಿ ಕವಿ ಆಲೆನ್ ಗಿನ್ಸ್‌ಬರ್ಗ್‌ನ ಕವನ ಸಂಕಲನ ಕೊಂಡವರು ಮಫ್ತಿ ಪೊಲೀಸರು, ಅರೆಸ್ಟ್ ಆಗಿದ್ದು ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ ಶಿಗೆಯೋಶಿ ಮುರಾವೊ. ಕವಿಯನ್ನ ಯಾರೂ ಹಿಡೀಲಿಲ್ಲ, ಮಾರಿದವನನ್ನ ಹಿಡಿದ್ರು. ಪ್ರಕಾಶಕ ಲಾರೆನ್ಸ್ ಫರ್ಲಿಂಗೆಟಿ ಮೇಲೂ ಕೇಸ್ ಹಾಕಿದ್ರು, ಕೊನೆಗೆ ಕೋರ್ಟು ಅಶ್ಲೀಲ ಅಲ್ಲ ಅಂದ್ಬಿಡ್ತು.

ಇಲ್ಲಿ 1959ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಹೇಳ್ಲೇಬೇಕು, ಸ್ಮಿತ್ ವರ್ಸಸ್ ಕ್ಯಾಲಿಫೋರ್ನಿಯಾ. ಲಾಸ್ ಏಂಜಲಿಸ್‌ನಲ್ಲಿ ಒಂದು ನಿಯಮ ಇತ್ತು, ಅಂಗಡೀಲಿ ಅಶ್ಲೀಲ ಪುಸ್ತಕ ಇಟ್ಕೊಂಡಿದ್ರೆ ಸಾಕು, ಅದ್ರೊಳಗೆ ಏನಿದೆ ಅಂತ ಮಾರೋನಿಗೆ ಗೊತ್ತಿರಲಿ ಬಿಡಲಿ ಶಿಕ್ಷೆ. ಕೋರ್ಟ್ ಇದನ್ನ ಹೊಡೆದು ಹಾಕ್ತು. ಕಾರಣ ನೋಡಿ ಎಷ್ಟು ಪ್ರಾಕ್ಟಿಕಲ್: ಗೊತ್ತಿಲ್ದೆ ಇಟ್ಕೊಂಡ್ರೂ ಜೈಲು ಅಂದ್ರೆ ಅಂಗಡಿಯವನು ತಾನು ಓದಿ ಪರೀಕ್ಷೆ ಮಾಡಿದ ಪುಸ್ತಕ ಮಾತ್ರ ಇಡ್ತಾನೆ, ಒಬ್ಬ ಮನುಷ್ಯ ಎಷ್ಟು ಓದಬಲ್ಲ, ಆಗ ಊರಿನ ಜನಕ್ಕೆ ಸಿಗೋದೂ ಅಷ್ಟೇ ಪುಸ್ತಕ. ಅಂಗಡಿಯವನ ಭಯ ಓದುಗನ ಮೇಲಿನ ಸೆನ್ಸಾರ್ ಆಗುತ್ತೆ ಅನ್ನೋದನ್ನ ಇಷ್ಟು ನೇರವಾಗಿ ಒಂದು ಕೋರ್ಟು ಗುರುತಿಸಿದ್ದು ದೊಡ್ಡ ವಿಷಯ.

ಪುಸ್ತಕದ ಜೊತೆಗೆ ಪತ್ರಿಕೆಯೂ ಇತ್ತು. 1964ರಲ್ಲಿ ಟೆಲಿಗ್ರಾಫ್ ರಸ್ತೆ ಕ್ಯಾಂಪಸ್‌ಗೆ ಸೇರೋ ಜಾಗದಲ್ಲಿ ಸ್ಟೂಡೆಂಟ್ಸ್ ಟೇಬಲ್ ಹಾಕ್ಕೊಂಡು ಕರಪತ್ರ ಹಂಚೋದನ್ನ ಯೂನಿವರ್ಸಿಟಿ ನಿಲ್ಲಿಸ್ತು, ಅದರಿಂದ ಎದ್ದಿದ್ದೇ ಫ್ರೀ ಸ್ಪೀಚ್ ಮೂವ್‌ಮೆಂಟ್. ಅಕ್ಟೋಬರ್ 1ಕ್ಕೆ ಜ್ಯಾಕ್ ವೈನ್‌ಬರ್ಗ್ ಅನ್ನೋನನ್ನ ಅರೆಸ್ಟ್ ಮಾಡಿ ಕೂರಿಸಿದ ಪೊಲೀಸ್ ಕಾರನ್ನ ಸಾವಿರಾರು ಸ್ಟೂಡೆಂಟ್ಸ್ ಸುತ್ತುವರಿದು 32 ಗಂಟೆ ಅಲ್ಲಾಡೋಕೆ ಬಿಡಲಿಲ್ಲ, ಅದೇ ಕಾರಿನ ಮೇಲೆ ನಿಂತು ಭಾಷಣ ಮಾಡಿದ್ರು. ಕರಪತ್ರದ ಟೇಬಲ್‌ನಿಂದ ಶುರುವಾದ ಜಗಳ ಅದು, ಅಂದ್ರೆ ಅಲ್ಲೂ ಪ್ರಶ್ನೆ ಹಂಚೋ ಜಾಗದ್ದೇ.

ಮರುವರ್ಷ ಆಗಸ್ಟಲ್ಲಿ ಮ್ಯಾಕ್ಸ್ ಶೆರ್ ಅನ್ನೋ ಗಡ್ಡದ ಮನುಷ್ಯ, ತನ್ನ ಬಾರ್ ಮಾರಿದ ದುಡ್ಡಲ್ಲಿ ‘ಬರ್ಕ್ಲಿ ಬಾರ್ಬ್’ ಅಂತ ವಾರಪತ್ರಿಕೆ ಶುರು ಮಾಡಿದ. ಆಗ ಆಫ್‌ಸೆಟ್ ಮುದ್ರಣ ಅಗ್ಗ ಆಗಿತ್ತು. ಅಚ್ಚಿನ ಮೊಳೆ ಜೋಡಿಸೋ ಕೆಲಸ ಇಲ್ಲ, ಟೈಪ್‌ರೈಟರಲ್ಲಿ ಹೊಡೆದು, ಕತ್ತರಿಯಲ್ಲಿ ಕತ್ತರಿಸಿ, ಗೋಂದು ಹಚ್ಚಿ ಹಾಳೆ ಮೇಲೆ ಅಂಟಿಸಿದ್ರೆ ಅದರದ್ದೇ ಫೋಟೋ ತೆಗೆದು ಪ್ಲೇಟ್ ಮಾಡ್ತಿದ್ರು. ಊರೂರಲ್ಲಿ ಭೂಗತ ಪತ್ರಿಕೆ ಹುಟ್ಟಿದ್ದಕ್ಕೆ ವಿಯೆಟ್ನಾಂ ಯುದ್ಧದ ಸಿಟ್ಟು ಎಷ್ಟು ಕಾರಣವೋ ಈ ಕತ್ತರಿ ಗೋಂದೂ ಅಷ್ಟೇ ಕಾರಣ. 1966ರ ಹೊತ್ತಿಗೆ ಇಂಥ ಪತ್ರಿಕೆಗಳು ‘ಅಂಡರ್‌ಗ್ರೌಂಡ್ ಪ್ರೆಸ್ ಸಿಂಡಿಕೇಟ್’ ಅಂತ ಒಕ್ಕೂಟ ಮಾಡ್ಕೊಂಡ್ವು, ಒಬ್ರ ಬರಹ ಇನ್ನೊಬ್ರು ದುಡ್ಡು ಕೊಡದೆ ಮರುಮುದ್ರಣ ಮಾಡ್ಬಹುದು ಅನ್ನೋದು ಅದರ ನಿಯಮ. ಬಾರ್ಬ್ ಅದರ ಮೊದಲ ಸದಸ್ಯರಲ್ಲೊಂದು.

ಹಂಚಿಕೆ ಹೇಗೆ? ಏಜೆಂಟ್ ಇಲ್ಲ, ಲಾರಿ ಇಲ್ಲ. ಮನೆ ಬಿಟ್ಟು ಬಂದ ಹುಡುಗರು, ಓದು ಬಿಟ್ಟವರು, ಖರ್ಚಿಗೆ ಕಾಸಿಲ್ಲದ ಸ್ಟೂಡೆಂಟ್ಸ್ ಬಾರ್ಬ್ ಆಫೀಸಿಗೆ ಹೋಗಿ ಒಂದು ಕಟ್ಟು ಸಗಟು ರೇಟಿಗೆ ತಗೊಂಡು ಟೆಲಿಗ್ರಾಫ್ ಮೇಲೆ ನಿಂತು ಕೂಗಿ ಮಾರೋರು, ಮಧ್ಯದ ಕಾಸು ಅವರದ್ದು. ಮೊದಮೊದಲು ಒಂದು ಕಾಪಿಗೆ 10 ಸೆಂಟ್. 1969ರ ಹೊತ್ತಿಗೆ ಪ್ರಸಾರ 90,000 ಹತ್ರ ಹೋಯ್ತು ಅಂತಾರೆ. ದುಡ್ಡಿನ ಇನ್ನೊಂದು ಮೂಲ ವರ್ಗೀಕೃತ ಜಾಹೀರಾತು, ಅದರಲ್ಲೂ ಬೇರೆ ಯಾವ ಪತ್ರಿಕೆಯೂ ಹಾಕದ ಲೈಂಗಿಕ ಜಾಹೀರಾತು.

ಆ ವರ್ಷವೇ ಬರ್ಕ್ಲಿಗೆ ಕಷ್ಟದ ವರ್ಷ. ಯೂನಿವರ್ಸಿಟಿ ಮನೆ ಕೆಡವಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಪಾರ್ಕ್ ಮಾಡೋಣ ಬನ್ನಿ ಅಂತ ಏಪ್ರಿಲ್‌ನಲ್ಲಿ ಕರೆ ಕೊಟ್ಟಿದ್ದು ಬಾರ್ಬ್ ಪತ್ರಿಕೆಯೇ. ಜನ ಬಂದ್ರು, ಗಿಡ ನೆಟ್ರು, ಪೀಪಲ್ಸ್ ಪಾರ್ಕ್ ಅಂತ ಹೆಸರಾಯ್ತು. ಮೇ 15ಕ್ಕೆ ಯೂನಿವರ್ಸಿಟಿಯವರು ಅದಕ್ಕೆ ಬೇಲಿ ಹಾಕಿಸಿದ್ರು, ಅವತ್ತು ಟೆಲಿಗ್ರಾಫ್ ಮೇಲೆ ಪೊಲೀಸರು ಶಾಟ್‌ಗನ್‌ನಿಂದ ಗುಂಡು ಹಾರಿಸಿದ್ರು. ಗ್ರ್ಯಾನ್ಮಾ ಬುಕ್ಸ್ ಅನ್ನೋ ಪುಸ್ತಕದಂಗಡಿಯ ಮಾಳಿಗೆ ಮೇಲೆ ನಿಂತು ನೋಡ್ತಿದ್ದ ಜೇಮ್ಸ್ ರೆಕ್ಟರ್‌ಗೆ ಗುಂಡು ತಗಲಿ ನಾಲ್ಕು ದಿನಕ್ಕೆ ತೀರಿಕೊಂಡ. ಅವನಿಗೆ 25 ವರ್ಷ. ಆ ದಿನಗಳ ಗಲಾಟೆಗಳಲ್ಲಿ ಟಿಯರ್ ಗ್ಯಾಸ್‌ಗೆ ಕಣ್ಣು ಉರಿದು ಓಡಿ ಬಂದವರಿಗೆ ಕೋಡೀಸ್ ಅಂಗಡಿ ಪ್ರಥಮ ಚಿಕಿತ್ಸೆಯ ಜಾಗ ಆಗಿತ್ತು.

ಇಷ್ಟಾಗಿ ಎರಡು ತಿಂಗಳೂ ಕಳೆದಿಲ್ಲ, ಬಾರ್ಬ್ ಒಳಗೇ ಒಡೀತು. ಪತ್ರಿಕೆ ಚೆನ್ನಾಗಿ ಲಾಭ ಮಾಡ್ತಿದೆ, ಬರೆಯೋರಿಗೆ ಅಂಟಿಸೋರಿಗೆ ಪುಡಿಗಾಸು ಅನ್ನೋದು ಸ್ಟಾಫ್ ಸಿಟ್ಟು. ಪತ್ರಿಕೆಯನ್ನ ತಾವೇ ಕೊಂಡ್ಕೊಳ್ತೀವಿ ಅಂತ ಮಾತುಕತೆ ಆಯ್ತು, ಮುರಿದು ಬಿತ್ತು. ಸ್ಟ್ರೈಕ್ ಮಾಡಿದವರು ಹೊರಗೆ ಬಂದು ‘ಬರ್ಕ್ಲಿ ಟ್ರೈಬ್’ ಅಂತ ತಮ್ಮದೇ ಪತ್ರಿಕೆ ತಂದ್ರು. ಟ್ರೈಬ್ 1972ರವರೆಗೆ ನಡೀತು. ಬಾರ್ಬ್ ಉಸಿರಾಡಿತು, ಆದ್ರೆ ಲೈಂಗಿಕ ಜಾಹೀರಾತಿನ ಮೇಲೇ ನಿಂತು, 1978ರಲ್ಲಿ ಆ ಜಾಹೀರಾತನ್ನ ಬೇರೆ ಪತ್ರಿಕೆಯಾಗಿ ಕಿತ್ತು ಹಾಕಿದ್ಮೇಲೆ ಎರಡೇ ವರ್ಷ, 1980ರಲ್ಲಿ ನಿಂತೇ ಹೋಯ್ತು. ನನ್ನ ಪ್ರಕಾರ ಬಾರ್ಬ್ ಸತ್ತಿದ್ದು 1980ರಲ್ಲಲ್ಲ, 1969ರ ಜುಲೈನಲ್ಲಿ. ಪೆಟ್ಟು ತಿಂದು ವರದಿ ತರೋರು, ಬೀದಿಯಲ್ಲಿ ನಿಂತು ಮಾರೋರು ಒಂದು ಕಡೆ, ಲೆಕ್ಕದ ಪುಸ್ತಕ ಇನ್ನೊಂದು ಕಡೆ, ಲೋಕಕ್ಕೆಲ್ಲ ನ್ಯಾಯ ಕೇಳೋ ಪತ್ರಿಕೆ ತನ್ನ ಮನೆಯಲ್ಲಿ ಇದನ್ನ ಬಗೆಹರಿಸಿಕೊಳ್ಳಲಿಲ್ಲ.

ಭೂಗತ ಕಾಮಿಕ್ಸ್‌ಗೆ ಪೆಟ್ಟು ಬಿದ್ದಿದ್ದು 1973ರಲ್ಲಿ. ಮಿಲ್ಲರ್ ವರ್ಸಸ್ ಕ್ಯಾಲಿಫೋರ್ನಿಯಾ ಕೇಸಲ್ಲಿ ಅಶ್ಲೀಲ ಯಾವುದು ಅನ್ನೋದನ್ನ ಆಯಾ ಊರಿನ ಜನರ ಮಟ್ಟದಿಂದ ಅಳೀಬಹುದು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಬರ್ಕ್ಲಿಯಲ್ಲಿ ನಡೆಯೋ ಪುಸ್ತಕವನ್ನ ಬೇರೆ ಊರಲ್ಲಿ ಮಾರಿದ್ರೆ ಜೈಲಿಗೆ ಹಾಕ್ಬಹುದು ಅಂತಾಯ್ತು. ದೇಶದ ಬೇರೆ ಬೇರೆ ಕಡೆ ಇವನ್ನ ಮಾರ್ತಿದ್ದ ಅಂಗಡಿಗಳು ಹೆದರಿ ತರಿಸೋದು ಬಿಟ್ವು. ಒಂದು ಪುಸ್ತಕವನ್ನೂ ಬ್ಯಾನ್ ಮಾಡ್ಬೇಕಾಗ್ಲಿಲ್ಲ.

ಈಗ 1989ಕ್ಕೆ ಬರೋಣ. 1977ರಲ್ಲಿ ಕೋಡಿ ದಂಪತಿ ಅಂಗಡಿಯನ್ನ ಆಂಡಿ ರಾಸ್‌ಗೆ ಮಾರಿದ್ರು. ಫತ್ವಾ ಬಂದ ಮೇಲೆ ಅಮೆರಿಕದ ದೊಡ್ಡ ಚೈನ್ ಅಂಗಡಿಗಳು, ವಾಲ್ಡನ್‌ಬುಕ್ಸ್, ಬಿ. ಡಾಲ್ಟನ್, ಬಾರ್ನ್ಸ್ ಅಂಡ್ ನೋಬಲ್, ಕೆಲಸದವರ ಸುರಕ್ಷತೆ ಅಂತ ಕಾರಣ ಕೊಟ್ಟು ಪುಸ್ತಕವನ್ನ ಶೆಲ್ಫಿಂದ ತೆಗೆದ್ವು. ಸುರಕ್ಷತೆ ಸುಳ್ಳು ಕಾರಣ ಅಂತ ನಾನು ಹೇಳಲ್ಲ, ಬೆದರಿಕೆ ನಿಜವಾಗ್ಲೂ ಇತ್ತು. ಆದ್ರೆ ಹೆಡ್ ಆಫೀಸಲ್ಲಿ ಕೂತು ಒಂದು ಆದೇಶ ಹೊರಡಿಸಿದ್ರೆ ದೇಶದ ತುಂಬಾ ಸಾವಿರಾರು ಅಂಗಡಿಯಿಂದ ಒಂದೇ ದಿನ ಒಂದು ಪುಸ್ತಕ ಮಾಯ ಆಗುತ್ತೆ ಅನ್ನೋದು ಆಗ ಜನಕ್ಕೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಊರಲ್ಲಿ ಬೇರೆ ಪುಸ್ತಕದಂಗಡಿ ಇಲ್ದೇ ಚೈನ್ ಒಂದೇ ಇದ್ದಿದ್ರೆ ಆ ಊರಿಗೆ ಪುಸ್ತಕವೇ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಅದೇ ಬೆಳಗಿನ ಜಾವ ಬರ್ಕ್ಲಿಯ ವಾಲ್ಡನ್‌ಬುಕ್ಸ್ ಅಂಗಡಿಗೂ ಬೆಂಕಿ ಬಾಂಬ್ ಬಿತ್ತು! ಪುಸ್ತಕವನ್ನ ಶೆಲ್ಫಿಂದ ತೆಗೆದಿದ್ದ ಚೈನ್ ಅದು. ಅದೇ ದಿನ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ರಿವರ್‌ಡೇಲ್ ಪ್ರೆಸ್ ಅನ್ನೋ ಸ್ಥಳೀಯ ವಾರಪತ್ರಿಕೆಯ ಆಫೀಸ್ ಸುಟ್ಟು ಹೋಯ್ತು, ಪುಸ್ತಕ ಓದೋ ಹಕ್ಕನ್ನ ಬೆಂಬಲಿಸಿ, ಚೈನ್‌ಗಳನ್ನ ಟೀಕಿಸಿ ಅವರು ಸಂಪಾದಕೀಯ ಬರೆದಿದ್ರು. ಹಿಂದೆ ಸರಿದ್ರೆ ಬಚಾವ್ ಅನ್ನೋ ಲೆಕ್ಕ ಅವತ್ತು ಯಾರಿಗೂ ಸರಿಬರಲಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಕೌಂಟರ್‌ವರೆಗೆ ಬರಲೇ ಇಲ್ಲ. 1988ರ ಅಕ್ಟೋಬರ್‌ನಲ್ಲೇ ಕಸ್ಟಮ್ಸ್ ಅಧಿಸೂಚನೆ ಹೊರಡಿಸಿ ಆಮದು ನಿಲ್ಲಿಸಿದ್ರು, ಬೆಂಗಳೂರಿನ ಅಂಗಡಿಯವನಿಗೆ ಇಡಬೇಕಾ ಬೇಡ್ವಾ ಅಂತ ಯೋಚಿಸೋ ಅವಕಾಶವೇ ಇಲ್ಲ. 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮುಂದೆ ಆ ಅಧಿಸೂಚನೆಯ ಪ್ರತಿಯನ್ನೇ ಯಾರೂ ಹಾಜರುಪಡಿಸೋಕೆ ಆಗದೆ, ಅಂಥದ್ದು ಇಲ್ಲ ಅಂತಲೇ ಭಾವಿಸಬೇಕಾಗುತ್ತೆ ಅಂತ ಕೋರ್ಟ್ ಹೇಳ್ತು, ಮುಂದಿನ ತಿಂಗಳು ದೆಹಲಿಯ ಅಂಗಡೀಲಿ ಪುಸ್ತಕ ಮಾರಾಟಕ್ಕೆ ಬಂತು. ಹತ್ರ ಹತ್ರ 36 ವರ್ಷ.

ಕೋಡೀಸ್‌ನ ವೋಟನ್ನ ನಾನು ದೊಡ್ಡದು ಅನ್ನೋದು ಧೈರ್ಯಕ್ಕಷ್ಟೇ ಅಲ್ಲ. ಮಾಲೀಕನೇ ನಾವು ಹೆದರಲ್ಲ ಅಂತ ಪತ್ರಿಕೆಗೆ ಹೇಳಿಕೆ ಕೊಟ್ಟು ಕೆಲಸದವರನ್ನ ಕೌಂಟರ್‌ನಲ್ಲಿ ನಿಲ್ಲಿಸಿದ್ರೆ ಅದು ಬೇರೆಯವರ ಜೀವದ ಮೇಲೆ ಮಾಡೋ ಧೈರ್ಯ. ಕೆಲಸದವರ ಹೆಸರು ಹೇಳಿ ಪುಸ್ತಕ ತೆಗೆದು, ಆ ಕೆಲಸದವರನ್ನೇ ಕೇಳದೆ ಇರೋದು ಚೈನ್‌ಗಳ ದಾರಿ. ಇಲ್ಲಿ ರಿಸ್ಕ್ ತಗೊಳ್ಳೋರ ಹತ್ರಾನೇ ತೀರ್ಮಾನ ಕೇಳಿದ್ರು. ಕೆಲವು ವರ್ಷ ಆದ್ಮೇಲೆ ರಶ್ದಿ ಗುಟ್ಟಾಗಿ ಅಂಗಡಿಗೆ ಬಂದಾಗ ಆ ಚಾವಣಿ ತೂತು ತೋರಿಸಿದ್ರು, ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ರು.

ಬಾಂಬಿಗೆ ಉಳಿದ ಅಂಗಡಿ ಬ್ಯಾಲೆನ್ಸ್ ಶೀಟಿಗೆ ಹೋಯ್ತು. ಹೊಸ ಪುಸ್ತಕದ ವ್ಯಾಪಾರದಲ್ಲಿ ಬೆಲೆ ಮೊದ್ಲೇ ಅಚ್ಚಾಗಿರುತ್ತೆ, ಪ್ರಕಾಶಕರು ಕೊಡೋ ಡಿಸ್ಕೌಂಟು ನೂರಕ್ಕೆ 40ರಿಂದ 46, ಅದ್ರಲ್ಲೇ ಬಾಡಿಗೆ, ಸಂಬಳ, ಸಾಗಾಟ ಎಲ್ಲಾ. ಖರ್ಚು ಏರಿದ್ರೆ ರೇಟು ಏರಿಸೋ ಹಾಗಿಲ್ಲ. ಊರೊಳಗೇ ದೊಡ್ಡ ಚೈನ್ ಬಂತು, ಆಮೇಲೆ ಅಮೆಜಾನ್ ಬಂತು, ಟೆಲಿಗ್ರಾಫ್‌ಗೆ ಬರೋ ಜನವೂ ಕಮ್ಮಿ ಆದ್ರು. ರಾಸ್ ಫೋರ್ತ್ ಸ್ಟ್ರೀಟಲ್ಲಿ ಇನ್ನೊಂದು ಅಂಗಡಿ ತೆಗೆದ, 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ದುಬಾರಿ ಯೂನಿಯನ್ ಸ್ಕ್ವೇರ್ ಹತ್ರ ಮೂರನೇದು. ಇಳಿಯೋ ವ್ಯಾಪಾರವನ್ನ ವಿಸ್ತರಿಸಿ ಉಳಿಸಿಕೊಳ್ಳೋ ಪ್ರಯತ್ನ ಅದು, ಆ ಮೂರನೇ ಅಂಗಡಿ ಕೈ ಕಚ್ಚಿತು ಅಂತಲೇ ನನ್ನ ಅಭಿಪ್ರಾಯ. 2006ರ ಜುಲೈನಲ್ಲಿ ಟೆಲಿಗ್ರಾಫ್‌ನ ಮೂಲ ಅಂಗಡಿ ಮುಚ್ಚಿದ್ರು. ಅದೇ ವರ್ಷ ಜಪಾನಿನ ಒಂದು ಕಂಪನಿಗೆ ಮಾರಾಟ ಆಯ್ತು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಅಂಗಡಿ ಮುಚ್ಚಿತು, ಉಳಿದದ್ದು ಶಾಟಕ್ ಅವೆನ್ಯೂಗೆ ಜಾಗ ಬದಲಾಯಿಸಿ ಕೆಲವೇ ತಿಂಗಳಲ್ಲಿ, 2008ರ ಜೂನ್‌ನಲ್ಲಿ, ಪೂರ್ತಿ ನಿಂತಿತು. ಟೆಲಿಗ್ರಾಫ್‌ನ ಆ ಮೂಲೆ ಕಟ್ಟಡ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಇದೇ ರಸ್ತೆಯಲ್ಲಿ ಮೋಸ್ ಬುಕ್ಸ್ ಉಳೀತು. ಹಳೇ ಪುಸ್ತಕದ ಲೆಕ್ಕವೇ ಬೇರೆ. ಎಷ್ಟಕ್ಕೆ ಕೊಳ್ಬೇಕು ಎಷ್ಟಕ್ಕೆ ಮಾರ್ಬೇಕು ಎರಡೂ ಅಂಗಡಿಯವರ ಕೈಯಲ್ಲೇ ಇರುತ್ತೆ, ಮಾಲು ಊರಿಂದಲೇ ಬರುತ್ತೆ, ರಿಟೈರ್ ಆಗೋ ಪ್ರೊಫೆಸರ್ ಮನೆಯಿಂದ, ಕೋರ್ಸ್ ಮುಗಿಸಿ ಹೊರಡೋ ಸ್ಟೂಡೆಂಟ್ ರೂಮಿಂದ. ಆದ್ರೆ ಅದಕ್ಕೆ ಕೊಳ್ಳೋ ಕೌಂಟರ್‌ನಲ್ಲಿ ತಿಳಿದವರು ಬೇಕು, ಒಂದು ಡಬ್ಬಿ ಪುಸ್ತಕ ತೆರೆದ ತಕ್ಷಣ ಯಾವುದು ಹೋಗುತ್ತೆ ಯಾವುದು ಹೋಗಲ್ಲ ಅಂತ ಹೇಳೋ ಕಣ್ಣು ವರ್ಷಗಳ ಕೆಲಸದಿಂದ ಮಾತ್ರ ಬರೋದು. ಅಂಥ ಅಂಗಡಿಯ ನಿಜವಾದ ಆಸ್ತಿ ಅಂದ್ರೆ ಕೆಲಸದವರೇ. 1997ರಲ್ಲಿ ಮೋ ತೀರಿಕೊಂಡ ಮೇಲೆ ಮಗಳು ಡೋರಿಸ್ ನಡೆಸ್ಕೊಂಡು ಬಂದ್ರು. 2021ರಲ್ಲಿ, ಕೋವಿಡ್ ಮಧ್ಯೆ, ಅಲ್ಲಿನ ಕೆಲಸದವರು ಐಡಬ್ಲ್ಯೂಡಬ್ಲ್ಯೂ ಅನ್ನೋ ಕಾರ್ಮಿಕ ಸಂಘಟನೆ ಸೇರಿ ಯೂನಿಯನ್ ಕಟ್ಟಿದ್ರು. ಇಷ್ಟು ಒಳ್ಳೆ ಹೆಸರಿರೋ ಅಂಗಡಿಗೆ ಯೂನಿಯನ್ ಯಾಕೆ ಅಂತ ಬೇಜಾರಾಗೋರು ಇರ್ತಾರೆ. ಬಾರ್ಬ್ ಕಥೆ ಓದಿದ ಮೇಲೆ ನನಗೆ ಹಾಗನ್ಸಲ್ಲ. ಬಾಡಿಗೆ, ಸಂಬಳ, ಯಾವ ಪುಸ್ತಕ ಇಡ್ಬೇಕು, ಎಂಥ ಕಾಲದಲ್ಲಿ ಬಾಗಿಲು ತೆಗೀಬೇಕು, ಇದೆಲ್ಲ ಕೌಂಟರ್‌ನಲ್ಲಿ ನಿಲ್ಲೋರ ಜೊತೆ ಕೂತು ಮಾತಾಡ್ಬೇಕಾದ ವಿಷಯವೇ, ಕೋಡೀಸ್‌ನಲ್ಲಿ ಅದು ಒಂದು ದಿನ ನಡೀತು, ಮೋಸ್‌ನಲ್ಲಿ ಅದನ್ನ ಕೆಲಸದವರು ಬರಹದಲ್ಲಿ ಕೇಳೋಕೆ ಶುರು ಮಾಡಿದ್ರು.